ಬಿಸಿಲಿನ ತಾಪವೂ ಗ್ರಾಮದ ವೃದ್ಧರೂ

ಬೇಸಗೆ ಬಲಿಯುತ್ತಲೇ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ರೈತರು ಹೊತ್ತು ಏರುವುದಕ್ಕೆ ಮುಂಚೆ ಎತ್ತುಗಳನ್ನು ಹೊಂಗೆಯ ನೆರಳಿಗೆ ಕಟ್ಟುವರು. ಸೀಮೆಹಸುವಿನ ಮೈ ತೊಳೆದು ನೀರು ಕುಡಿಸುವರು. ಹಾಲು ಇಳಿದೀತೆಂಬ ಭಯವು ಎಲ್ಲರಿಗೂ ಉಂಟು. ಅದೇ ಹೊತ್ತಿನಲ್ಲಿ ಮಾವಿನ ತೋಪಿನ ಕಾವಲಿಗೆ ಕುಳಿತಿರುವ ಎಪ್ಪತ್ತು ವರ್ಷದ ಹಿರಿಯರು ನೀರು ಕುಡಿದರೇ ಎಂದು ವಿಚಾರಿಸುವವರು ವಿರಳ. ಬೇಸಗೆಯಲ್ಲಿ ವೃದ್ಧರೊಬ್ಬರು ತೀರಿಕೊಂಡರೆ "ವಯಸ್ಸಾಗಿತ್ತು, ಹೋದರು" ಎಂದು ಊರು ಸಮಾಧಾನ ಹೊಂದುವುದು. ಅಂಥ ಮರಣಗಳಲ್ಲಿ ಕೆಲವು ಬಿಸಿಲಿನಿಂದಾದವು, ತಪ್ಪಿಸಬಹುದಾಗಿದ್ದವು ಎಂಬುದನ್ನು ಗ್ರಾಮದ ಮುಖಂಡರೂ ಭೂಮಾಲೀಕರೂ ಮನಗಾಣಬೇಕು.

ಈ ಸೀಮೆಯು ಸಮುದ್ರಮಟ್ಟಕ್ಕಿಂತ ಎರಡೂವರೆ ಸಾವಿರ ಅಡಿಗೂ ಎತ್ತರದಲ್ಲಿರುವುದರಿಂದ ಇಲ್ಲಿ ಬಿಸಿಗಾಳಿಯ ಭಯವಿಲ್ಲವೆಂದು ಹಲವರು ನಂಬಿರುವರು. ಬಯಲು ಪ್ರದೇಶದಲ್ಲಿ ಉಷ್ಣತೆಯು 40 ಡಿಗ್ರಿ ಸೆಲ್ಸಿಯಸ್ ಮುಟ್ಟಿದ ಹೊರತು ಹವಾಮಾನ ಇಲಾಖೆಯು ಬಿಸಿಗಾಳಿಯನ್ನು ಸಾಮಾನ್ಯವಾಗಿ ಸಾರುವುದಿಲ್ಲ. ಆದರೆ ನೆರೆಯ ಬೆಂಗಳೂರಿನಲ್ಲಿಯೇ 2016ನೆಯ ಏಪ್ರಿಲಿನಲ್ಲಿ 39.2 ಡಿಗ್ರಿ ದಾಖಲಾಯಿತು. ಸಾರಿಕೆ ಬರಲಿಲ್ಲವೆಂದ ಮಾತ್ರಕ್ಕೆ ಮುಪ್ಪಿನ ದೇಹಕ್ಕೆ ಅಪಾಯವಿಲ್ಲವೆಂದು ತಿಳಿಯಕೂಡದು.

ವಯಸ್ಸಾದಂತೆ ಬಾಯಾರಿಕೆಯ ಅರಿವು ಮಂದವಾಗುವುದು. ಬೆವರು ಕಡಿಮೆಯಾಗಿ ಮೈಯ ಕಾವು ಹೊರಬೀಳುವುದು ತಡವಾಗುವುದು. ಹೃದಯಕ್ಕೆ ಶ್ರಮ ಹೆಚ್ಚುವುದು. ರಕ್ತದೊತ್ತಡಕ್ಕೆ ಕೊಡುವ ಕೆಲವು ಮಾತ್ರೆಗಳು ಮೂತ್ರದ ಮೂಲಕ ದೇಹದ ನೀರನ್ನು ಇಳಿಸುವುವು. ಆದುದರಿಂದ ವೃದ್ಧರು ಕೇಳಿದಾಗ ನೀರು ಕೊಟ್ಟರೆ ಸಾಲದು. ಕೇಳದಿದ್ದರೂ ಗಂಟೆಗೊಮ್ಮೆ ಕೊಡಬೇಕು. ಮೇಲಾಗಿ ಕಲ್ಲುಚಪ್ಪಡಿಯ ಮನೆಗಳೂ ತಗಡಿನ ಮನೆಗಳೂ ಹಗಲೆಲ್ಲ ಕಾಯುವುವು. ಚಪ್ಪಡಿಯಂತೂ ಆ ಕಾವನ್ನು ರಾತ್ರಿಯೆಲ್ಲ ಒಳಕ್ಕೆ ಬಿಡುವುದು. ಮಕ್ಕಳು ಬೆಂಗಳೂರಿಗೆ ದುಡಿಯಲು ಹೋಗಿ, ಮುದುಕಿಯೊಬ್ಬಳೇ ಅಂಥ ಮನೆಯಲ್ಲಿ ಉಳಿದಿರುವುದು ಈಗ ಅಪರೂಪವಲ್ಲ.

ಅನ್ಯದೇಶಗಳ ಅನುಭವವೂ ಇದನ್ನೇ ಹೇಳುತ್ತದೆ. 2003ನೆಯ ಆಗಸ್ಟ್ ತಿಂಗಳಲ್ಲಿ ಫ್ರಾನ್ಸಿನಲ್ಲಿ ಬಿಸಿಲಿನಿಂದ ಸುಮಾರು 15,000 ಮಂದಿ ಮೃತರಾದರು. ಅವರಲ್ಲಿ ಬಹುಮಂದಿ ವೃದ್ಧರು, ಅನೇಕರು ಒಂಟಿಯಾಗಿದ್ದವರು. ವೈದ್ಯರಿಗಾಗಲಿ ಔಷಧಕ್ಕಾಗಲಿ ಆ ದೇಶದಲ್ಲಿ ಬಡತನವಿರಲಿಲ್ಲ. ಬಾಗಿಲು ತಟ್ಟಿ ವಿಚಾರಿಸುವವರು ಇರಲಿಲ್ಲ. ಅಹಮದಾಬಾದಿನಲ್ಲಿ 2010ರ ಮೇ ತಿಂಗಳ ತಾಪಕ್ಕೆ ಮಾಮೂಲಿಗಿಂತ ಸಾವಿರಕ್ಕೂ ಮೀರಿ ಮರಣಗಳಾದ ಮೇಲೆ, 2013ರಲ್ಲಿ ಆ ನಗರವು ಮುನ್ನೆಚ್ಚರಿಕೆಯ ಯೋಜನೆಯೊಂದನ್ನು ಏರ್ಪಡಿಸಿತು. ನಗರವು ಮಾಡಿದುದನ್ನು ಗ್ರಾಮವು ಇನ್ನೂ ಸುಲಭವಾಗಿ ಮಾಡಬಹುದು. ಇಲ್ಲಿ ಯಾರ ಮನೆಯಲ್ಲಿ ಯಾರಿದ್ದಾರೆಂಬುದು ಎಲ್ಲರಿಗೂ ಗೊತ್ತು.

ಮೊದಲನೆಯದಾಗಿ, ಶಿವರಾತ್ರಿ ಕಳೆದೊಡನೆ ಮುಖಂಡರು ಆಶಾ ಕಾರ್ಯಕರ್ತೆಯೊಡನೆ ಕುಳಿತು, ಊರಿನಲ್ಲಿ ಒಂಟಿಯಾಗಿಯೂ ರೋಗಿಗಳಾಗಿಯೂ ಇರುವ ವೃದ್ಧರ ಪಟ್ಟಿ ಮಾಡಿ, ಪ್ರತಿಯೊಬ್ಬರಿಗೂ ನೆರೆಯವರೊಬ್ಬರನ್ನು ಗೊತ್ತುಮಾಡತಕ್ಕದ್ದು. ಅವರು ದಿನಕ್ಕೆರಡು ಬಾರಿ ಹೋಗಿ ನೋಡಿದರೆ ಸಾಕು.

ಎರಡನೆಯದಾಗಿ, ಟೊಮೇಟೊ ಬಿಡಿಸುವುದು, ಕಳೆ ಕೀಳುವುದು, ಹೂವು ಕೊಯ್ಯುವುದು ಮುಂತಾದ ಕೆಲಸಗಳನ್ನು ಬೆಳಿಗ್ಗೆ ಆರರಿಂದ ಹತ್ತರವರೆಗೂ ಸಂಜೆ ನಾಲ್ಕರ ಮೇಲೂ ಇಟ್ಟುಕೊಳ್ಳಬೇಕು. "ಮುದುಕರನ್ನು ಬೇಡವೆಂದರೆ ಅವರ ಕೂಲಿಯೇ ಹೋಗುವುದಲ್ಲ" ಎಂಬ ಆಕ್ಷೇಪವು ನ್ಯಾಯವಾದುದೇ. ಆದಕಾರಣವೇ ಕೆಲಸದ ಹೊತ್ತನ್ನು ಬದಲಿಸಬೇಕೇ ಹೊರತು ಕೂಲಿಯನ್ನು ಕಡಿಯಬಾರದು. ತೋಪಿನ ಕಾವಲುಗಾರರಿಗೆ ತಗಡಿನ ಗೂಡಿನ ಬದಲು ತೆಂಗಿನ ಗರಿಯ ಚಪ್ಪರವನ್ನೂ ತುಂಬಿದ ಮಡಕೆಯನ್ನೂ ಒದಗಿಸುವುದು ಮಾಲೀಕರ ಧರ್ಮ.

ಮೂರನೆಯದಾಗಿ, ಮನೆಯ ಮಾಳಿಗೆಗೆ ಸುಣ್ಣ ಬಳಿದು, ತಗಡಿನ ಮೇಲೆ ಗರಿ ಹೊದಿಸಿದರೆ ಒಳಗಣ ಕಾವು ತಗ್ಗುವುದು. ರಾಮನವಮಿಯಂದು ಪಾನಕ, ಮಜ್ಜಿಗೆ ಹಂಚುವುದೂ ಅರವಟ್ಟಿಗೆ ಇಡುವುದೂ ಪೂರ್ವಿಕರ ಸತ್ಸಂಪ್ರದಾಯ. ಅದನ್ನು ಒಂದು ದಿನಕ್ಕೆ ಮುಗಿಸದೆ ಮುಂಗಾರು ಕಾಣುವವರೆಗೂ ನಡೆಸುವುದು ಲೇಸು. ರಾಗಿ ಅಂಬಲಿ, ತಿಳಿಮಜ್ಜಿಗೆಗಳು ವೃದ್ಧರಿಗೆ ಹಿತಕರ. ಹೃದಯ, ಮೂತ್ರಪಿಂಡಗಳ ರೋಗವಿದ್ದವರು ಮಾತ್ರ ನೀರು, ಉಪ್ಪುಗಳ ಪ್ರಮಾಣವನ್ನು ವೈದ್ಯರಲ್ಲಿ ಕೇಳಿಕೊಳ್ಳಬೇಕು.

ತಲೆಸುತ್ತು, ವಾಂತಿ, ಸ್ನಾಯುಸೆಳೆತ ಕಂಡರೆ ನೆರಳಿನಲ್ಲಿ ಮಲಗಿಸಿ ನೀರು ಕೊಡಬೇಕು. ಮೈ ಕೆಂಡದಂತಾಗಿ ಮಾತು ತಡವರಿಸಿದರೆ ಅಥವಾ ಎಚ್ಚರ ತಪ್ಪಿದರೆ ಅದು ಪ್ರಾಣಾಪಾಯ. ಆಗ ಬಾಯಿಗೆ ನೀರು ಹಾಕಕೂಡದು; ಮೈಯೆಲ್ಲ ನೀರಿನಿಂದ ತೋಯಿಸಿ, ಕುತ್ತಿಗೆ, ಕಂಕುಳುಗಳಿಗೆ ಒದ್ದೆ ಬಟ್ಟೆಯಿಟ್ಟು ಗಾಳಿ ಬೀಸುತ್ತ, 108ಕ್ಕೆ ಕರೆ ಮಾಡಬೇಕು. ವಾಹನ ಬರುವವರೆಗೂ ತಂಪು ಮಾಡುವುದನ್ನು ನಿಲ್ಲಿಸಬಾರದು.

ಇವಕ್ಕೆ ಹೆಚ್ಚಿನ ಹಣವು ಬೇಡ. ಇಂದಿನ ತೋಪುಗಳಲ್ಲಿ ಹಲವು ಈ ವೃದ್ಧರೇ ಬಿಂದಿಗೆಯಲ್ಲಿ ನೀರು ಹೊತ್ತು ಬೆಳೆಸಿದ ಗಿಡಗಳು. ಆ ನೆರಳಿನಲ್ಲಿ ಅವರಿಗೊಂದು ಚೆಂಬು ನೀರನ್ನು ಹೊತ್ತಿಗೆ ಸರಿಯಾಗಿ ಒದಗಿಸುವುದು ಊರಿಗೆ ಭಾರವಾಗಲಾರದು.