ನೋವನ್ನು ನಂಬುವುದೂ ಒಂದು ಚಿಕಿತ್ಸೆ

ಹಬ್ಬ ಹತ್ತಿರವಾದಾಗ ಗಾಂಧಿಬಾಗಿನ ಬಟ್ಟೆಪೇಟೆಗೆ ಹೋಗಿಬರುವುದು ನಾಗಪುರದ ಬಹುತೇಕ ಮನೆಗಳ ರೂಢಿ. ಅದೇ ಗಾಂಧಿಬಾಗಿನಲ್ಲಿ ಡಾಗಾ ಸ್ಮಾರಕ ಸರಕಾರಿ ಮಹಿಳಾ ಆಸ್ಪತ್ರೆಯೂ ಇದೆ. ಅದರ ಮುಂದೆ ಹಾದುಹೋಗುವ ನಮ್ಮಲ್ಲಿ ಅನೇಕರಿಗೆ ವಿದರ್ಭದ ಮನೆಮನೆಗಳನ್ನು ತಲೆಮಾರುಗಳಿಂದ ಕಾಡುತ್ತಿರುವ ಒಂದು ಕಾಯಿಲೆಯ ಪರಿಚಯವೇ ಇರುವುದಿಲ್ಲ. ಇಲ್ಲಿಯವರು ಅದನ್ನು ‘ಸಿಕಲ್‌ಸೆಲ್’ ಎನ್ನುತ್ತಾರೆ. ಕನ್ನಡದಲ್ಲಿ ಅದಕ್ಕೆ ಕುಡುಗೋಲು ಕಣ ರಕ್ತಹೀನತೆ ಎಂಬ ಹೆಸರಿದೆ.

ಹಿಮೋಗ್ಲೋಬಿನ್ನಿನಲ್ಲಿ ಒಂದೇ ಒಂದು ಅಮೈನೊ ಆಮ್ಲ ಬದಲಾಗಿರುವುದೇ ಇದರ ಮೂಲ. ದುಂಡಗೆ, ಮೆತ್ತಗೆ ಇರಬೇಕಾದ ಕೆಂಪು ರಕ್ತಕಣ ಆಮ್ಲಜನಕ ಕಡಿಮೆಯಾದಾಗ ಕುಡುಗೋಲಿನಂತೆ ಬಾಗಿ ಬಿರುಸಾಗುತ್ತದೆ. ಸುಮಾರು 120 ದಿನ ಬಾಳಬೇಕಾದ ಕಣ 10ರಿಂದ 20 ದಿನಗಳಲ್ಲೇ ನಾಶವಾಗುತ್ತದೆ. ಬಾಗಿದ ಕಣಗಳು ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಂಡಾಗ ಮೂಳೆ, ಎದೆ, ಬೆನ್ನುಗಳಲ್ಲಿ ಅಸಹನೀಯವಾದ ನೋವು ಏಳುತ್ತದೆ. ತಂದೆ ತಾಯಿ ಇಬ್ಬರೂ ವಾಹಕರಾಗಿದ್ದರೆ ಪ್ರತಿ ಮಗುವಿಗೂ ಈ ರೋಗ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು.

ಇದು ಪರರ ನಾಡಿನ ರೋಗವೆಂದು ನಾವು ದೂರ ನಿಲ್ಲುವಂತಿಲ್ಲ. ಭಾರತದಲ್ಲಿ ಇದು ಮೊದಲು ವರದಿಯಾದದ್ದು 1952ರಲ್ಲಿ, ನಮ್ಮ ಗಡಿಗೆ ಅಂಟಿಕೊಂಡಿರುವ ನೀಲಗಿರಿಯ ಬುಡಕಟ್ಟುಗಳಲ್ಲಿ. ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲೂ ಇದು ಇದೆ, ಡಾ. ಎಚ್. ಸುದರ್ಶನ್ 1981ರಲ್ಲಿ ಅಲ್ಲಿ ಸ್ಥಾಪಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಇದನ್ನು ಬಲ್ಲದು. ಗಡಚಿರೋಲಿಯ ಗೋಂಡ ಹುಡುಗಿಗೂ ಚಾಮರಾಜನಗರದ ಸೋಲಿಗ ಹುಡುಗನಿಗೂ ಒಂದೇ ಬಗೆಯ ನೋವು. ವಿದರ್ಭದಲ್ಲಂತೂ ಆದಿವಾಸಿಗಳ ಜೊತೆಗೆ ದಲಿತ ಮತ್ತು ಹಿಂದುಳಿದ ಸಮುದಾಯಗಳಲ್ಲೂ ಇದು ಹರಡಿದೆ.

ಇಂಥ ಕಾಯಿಲೆಯೊಡನೆ ಬಾಳುವವರಿಗೆ ನಾವು ಸುಲಭವಾಗಿ ಕೊಡುವ ಉಪದೇಶವೊಂದಿದೆ: ‘ಧೈರ್ಯವಾಗಿರು, ಮನಸ್ಸು ಗಟ್ಟಿ ಮಾಡಿಕೋ, ಎಲ್ಲ ಸರಿಹೋಗುತ್ತದೆ.’ ಮಾತು ಒಳ್ಳೆಯದೇ. ಹತಾಶೆ ಯಾವ ರೋಗಿಗೂ ಹಿತವಲ್ಲ. ಆದರೆ ಈ ರೋಗದಲ್ಲಿ ಧೈರ್ಯವೆಂಬುದು ಬರಿಯ ಮನೋಭಾವವಲ್ಲ, ದಿನಚರಿ. ದಿನವಿಡೀ ಸಾಕಷ್ಟು ನೀರು ಕುಡಿಯಬೇಕು. ವಿಪರೀತ ಬಿಸಿಲು, ಚಳಿ, ಬಳಲಿಕೆಗಳನ್ನು ತಪ್ಪಿಸಬೇಕು. ಜ್ವರ ಬಂದರೆ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು. ಫೋಲಿಕ್ ಆಮ್ಲದ ಮಾತ್ರೆ, ಅಗತ್ಯವಿದ್ದವರಿಗೆ ಹೈಡ್ರಾಕ್ಸಿಯೂರಿಯಾ, ವೇಳೆಗೆ ಸರಿಯಾಗಿ ಲಸಿಕೆ, ಕೆಲವೊಮ್ಮೆ ರಕ್ತ ಮರುಪೂರಣ: ಇಷ್ಟು ನಡೆದರೆ ಓದು, ಉದ್ಯೋಗ, ಸಂಸಾರ ಎಲ್ಲವೂ ಸಾಧ್ಯ. ಮೇ ತಿಂಗಳಲ್ಲಿ 45 ಡಿಗ್ರಿ ದಾಟುವ ಈ ಊರಿನಲ್ಲಿ ಒಂದು ಲೋಟ ನೀರು ಎಂಥ ಔಷಧವೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ದಿನಚರಿಯನ್ನು ರೋಗಿ ಒಬ್ಬನೇ ನಡೆಸಲಾರ. ತರಗತಿಯ ನಡುವೆ ನೀರು ಕುಡಿಯಲು, ಮತ್ತೆ ಮತ್ತೆ ಹೊರಗೆ ಹೋಗಲು ಮೇಷ್ಟರ ಅನುಮತಿ ಬೇಕು. ಬಟ್ಟೆಯ ಗಂಟು ಹೊರುವ ಕೆಲಸದವನಿಗೆ ಬಿಸಿಲಿಳಿಯುವವರೆಗೆ ಕುಳಿತಿರಲು ಯಜಮಾನನ ಸಮ್ಮತಿ ಬೇಕು. ನಿನ್ನೆ ನಗುನಗುತ್ತ ಓಡಾಡಿದವನು ಇಂದು ಹಾಸಿಗೆಯಿಂದ ಏಳಲಾರ. ಅವನ ಮೈಮೇಲೆ ಗಾಯವಿಲ್ಲ, ಕೈಯಲ್ಲಿ ಊರುಗೋಲಿಲ್ಲ. ‘ನೆಪ ಹೇಳುತ್ತಿದ್ದಾನೆ’ ಎಂಬ ಒಂದು ಮಾತು ಸಾಕು. ಮುಂದಿನ ಸಲ ಅವನು ನೋವನ್ನು ಬಚ್ಚಿಟ್ಟು ದುಡಿಯುತ್ತಾನೆ, ತಡವಾಗಿ ಆಸ್ಪತ್ರೆ ಸೇರುತ್ತಾನೆ. ಕಣ್ಣಿಗೆ ಕಾಣದ ನೋವನ್ನು ನಂಬುವುದೂ ಚಿಕಿತ್ಸೆಯ ಒಂದು ಭಾಗವೆಂದೇ ನನ್ನ ನಂಬಿಕೆ.

ಕಾನೂನು ಅರ್ಧ ದಾರಿ ಬಂದು ನಿಂತಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆ ಗುರುತಿಸಿದ 21 ವೈಕಲ್ಯಗಳಲ್ಲಿ ಕುಡುಗೋಲು ಕಣ ರೋಗವೂ ಸೇರಿದೆ. ಶೇ. 40ಕ್ಕೆ ಕಡಿಮೆಯಿಲ್ಲದ ವೈಕಲ್ಯದ ಪ್ರಮಾಣಪತ್ರವಿದ್ದರೆ ಸರಕಾರಿ ಹಾಗೂ ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇ. 5ರ ಮೀಸಲಾತಿಗೆ ಅರ್ಹತೆ ದೊರೆಯುತ್ತದೆ. ಆದರೆ ಸರಕಾರಿ ನೌಕರಿಯ ಶೇ. 4ರ ಮೀಸಲಾತಿಯನ್ನು ಹೇಳುವ 34ನೆಯ ಕಲಮಿನಲ್ಲಿ ರಕ್ತಸಂಬಂಧಿ ವೈಕಲ್ಯಗಳ ಹೆಸರಿಲ್ಲ. ಓದಲು ಬಾ ಎಂದು ಕರೆದು, ದುಡಿಯುವ ಬಾಗಿಲಲ್ಲಿ ತಡೆದಂತಾಯಿತು. ಮೈಮುರಿದು ದುಡಿಯಲಾಗದವರಿಗೇ ನೆರಳಿನಲ್ಲಿ ಕುಳಿತು ಮಾಡುವ ನೌಕರಿ ಎಲ್ಲರಿಗಿಂತ ಹೆಚ್ಚು ಅಗತ್ಯ. ಈ ಕಲಮು ತಿದ್ದುಪಡಿಯಾಗಲೇಬೇಕು.

2023ರ ಜುಲೈ 1ರಂದು ಮಧ್ಯಪ್ರದೇಶದ ಶಹಡೋಲಿನಲ್ಲಿ ಆರಂಭವಾದ ರಾಷ್ಟ್ರೀಯ ಅಭಿಯಾನ, 40 ವರ್ಷದವರೆಗಿನ 7 ಕೋಟಿ ಜನರ ತಪಾಸಣೆಯ ಗುರಿ ಇಟ್ಟುಕೊಂಡಿದೆ. 2047ರೊಳಗೆ ರೋಗದ ನಿರ್ಮೂಲನೆ ಅದರ ಸಂಕಲ್ಪ. ಸ್ವಾಗತಾರ್ಹವೇ. ಮದುವೆಗೆ ಮುಂಚೆ ರಕ್ತಪರೀಕ್ಷೆಯ ಚೀಟಿ ನೋಡುವುದೂ ವಿವೇಕವೇ. ಆದರೆ ಅದೇ ಚೀಟಿ ಹೆಣ್ಣುಮಕ್ಕಳ ಹಣೆಗೆ ಒತ್ತಿದ ಮುದ್ರೆಯಾಗಬಾರದು. ವಾಹಕರು ರೋಗಿಗಳಲ್ಲ, ವಾಹಕರಲ್ಲದವರನ್ನು ಮದುವೆಯಾದರೆ ಮಕ್ಕಳಿಗೆ ಈ ರೋಗ ಬರುವುದಿಲ್ಲ. ಈ ಸರಳ ಲೆಕ್ಕ ತಿಳಿಯದ ಕಡೆ ತಪಾಸಣೆ ಅರಿವನ್ನಲ್ಲ, ಅಂಜಿಕೆಯನ್ನು ಹಂಚುತ್ತದೆ. ನಿರ್ಮೂಲನೆಯ ಘೋಷಣೆ ಕೇಳುವ ರೋಗಿಗೆ ತಾನೇ ಇಲ್ಲಿ ಬೇಡವಾದವನು ಎನ್ನಿಸದಂತೆ ನೋಡಿಕೊಳ್ಳುವ ಹೊಣೆಯೂ ನಮ್ಮದು.

ಈ ಕಾಯಿಲೆಯವರಿಗಾಗಿ ದುಡಿದ ನಾಗಪುರದ ಸಂಪತ್ ರಾಮಟೆಕೆ ಅವರಿಗೆ 2018ರಲ್ಲಿ ಪದ್ಮಶ್ರೀ ಸಂದಿತು. ಎಲ್ಲರೂ ಅಷ್ಟು ದೂರ ನಡೆಯಬೇಕೆಂದಿಲ್ಲ. ವರುಷಕ್ಕೆರಡು ಸಲ ರಕ್ತದಾನ ಮಾಡಬಹುದು. ಮನೆಗೆಲಸಕ್ಕೆ ಬರುವಾಕೆ ‘ಇಂದು ಕಾಲು ಎತ್ತಿಡಲಾಗುತ್ತಿಲ್ಲ, ಬಾಯೀ’ ಎಂದರೆ ಸಂಬಳ ಹಿಡಿಯದೆ ರಜೆ ಕೊಡಬಹುದು. ಅನ್ನ ಕೊಟ್ಟ ಊರಿನ ನೋವು ನಮಗೆ ತಿಳಿದಿರಬೇಕು. ಧೈರ್ಯ ಹೇಳುವ ಮುನ್ನ ಒಂದು ಲೋಟ ನೀರು ಕೊಟ್ಟು, ಕೂರಲು ಜಾಗ ಮಾಡಿಕೊಡೋಣ.