ಸೈಕಲ್ ಕೊಟ್ಟವರು ರಸ್ತೆಯನ್ನೇಕೆ ಕೊಡಲಿಲ್ಲ?

ಒಂದು ಸಾವನ್ನು 'ಅಪಘಾತ' ಎಂದು ಕರೆದ ಕ್ಷಣದಲ್ಲಿಯೇ ಅದರ ಹೊಣೆಯ ಪ್ರಶ್ನೆ ಮುಗಿದುಹೋಗುತ್ತದೆ. ಮುಂಜಾನೆ ಹಾಲಿನ ಕ್ಯಾನು ಹೇರಿಕೊಂಡು ಹೊರಟವನು, ಹ್ಯಾಂಡಲಿಗೆ ಬುತ್ತಿಯ ಚೀಲ ನೇತುಹಾಕಿ ಗ್ಯಾರೇಜಿಗೆ ಹೊರಟ ಯುವಕ, ರಾತ್ರಿ ಪಾಳಿ ಮುಗಿಸಿ ಮರಳುತ್ತಿರುವ ಕಾವಲುಗಾರ- ಇವರಲ್ಲೊಬ್ಬ ಲಾರಿಯ ಚಕ್ರಕ್ಕೆ ಸಿಲುಕಿದರೆ ಪತ್ರಿಕೆಯ ಒಳಪುಟದಲ್ಲಿ ನಾಲ್ಕು ಸಾಲಿನ ಸುದ್ದಿ ಬರುತ್ತದೆ. ಮೃತನ ಹೆಸರು, ವಯಸ್ಸು, ಪ್ರಕರಣ ದಾಖಲಾದ ಠಾಣೆ. ಆತ ಸತ್ತ ಆ ರಸ್ತೆಯಲ್ಲಿ ಆತನಿಗೆಂದು ಒಂದು ಗೇಣು ಜಾಗವಾದರೂ ಇತ್ತೇ ಎಂಬುದು ಆ ನಾಲ್ಕು ಸಾಲುಗಳಲ್ಲಿ ಇರುವುದಿಲ್ಲ. ಚಾಲಕನ ಅಜಾಗರೂಕತೆ ಎಂದು ಬರೆದು ಕಡತವನ್ನು ಮುಚ್ಚಲಾಗುತ್ತದೆ. ರಸ್ತೆಯನ್ನು ಹಾಗೆ ಕಟ್ಟಿದವರ ಅಜಾಗರೂಕತೆಯನ್ನು ದಾಖಲಿಸುವ ಕಾಲಂ ಯಾವ ಠಾಣೆಯಲ್ಲಿದೆ?

ಕೇಂದ್ರ ಸರಕಾರದ್ದೇ ಲೆಕ್ಕದಂತೆ, 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಮಂದಿ ಮೃತಪಟ್ಟರು. ಅವರಲ್ಲಿ ಪಾದಚಾರಿಗಳು 32,825. ಸೈಕಲ್ ಸವಾರರು ನಾಲ್ಕೂವರೆ ಸಾವಿರಕ್ಕೂ ಅಧಿಕ. ಅರ್ಥಾತ್, ಸತ್ತವರಲ್ಲಿ ಐವರಿಗೆ ಒಬ್ಬರಿಗಿಂತಲೂ ಹೆಚ್ಚು ಜನ ಎಂಜಿನ್ ಎಂಬುದನ್ನೇ ಬಳಸದೆ ಇದ್ದವರು. ಇನ್ನು ಸೈಕಲ್ ಎಂಬುದು ಕಾಲ ಸರಿದು ಹೋದ ಸಾಧನ ಎಂದು ವಾದಿಸುವವರು 2011ರ ಜನಗಣತಿಯನ್ನು ನೋಡಲಿ. ಕೃಷಿ ಮತ್ತು ಗೃಹ ಕೈಗಾರಿಕೆಯ ಹೊರಗೆ ದುಡಿಯುವವರಲ್ಲಿ ಸುಮಾರು 2.6 ಕೋಟಿ ಮಂದಿ ಕೆಲಸಕ್ಕೆ ಸೈಕಲಿನಲ್ಲಿ ಹೋಗುತ್ತಿದ್ದರು. ಕಾರಿನಲ್ಲಿ ಹೋಗುತ್ತಿದ್ದವರು ಅದರ ಐದನೇ ಒಂದು ಭಾಗದಷ್ಟು ಮಾತ್ರ. ಆ ಬಳಿಕ ಬೈಕು ಕಾರುಗಳು ಹೆಚ್ಚಿವೆ, ನಿಜ. ಆದರೆ ನಮ್ಮ ರಸ್ತೆಗಳ ನಕ್ಷೆಯನ್ನು ಬರೆಯುವವರ ಕಣ್ಣಿಗೆ ಆ 2.6 ಕೋಟಿ ಜನ ಅಂದೂ ಬಿದ್ದಿರಲಿಲ್ಲ.

ಕರ್ನಾಟಕದ ಕಥೆ ಇನ್ನಷ್ಟು ವಿಚಿತ್ರವಾದುದು. ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ನೀಡುವ ಯೋಜನೆ 2006-07ರಲ್ಲಿ ನಮ್ಮ ರಾಜ್ಯದಲ್ಲಿ ಆರಂಭವಾಯಿತು. ಅದು ಒಳ್ಳೆಯ ಯೋಜನೆಯೇ ಆಗಿತ್ತು. ಹಳ್ಳಿಯ ಹೆಣ್ಣುಮಕ್ಕಳು ಸಾಲಾಗಿ ಸೈಕಲ್ ತುಳಿಯುತ್ತಾ ಪಟ್ಟಣದ ಪ್ರೌಢಶಾಲೆಗೆ ಬರುವ ದೃಶ್ಯ ಆ ವರ್ಷಗಳಲ್ಲಿ ಸಾಮಾನ್ಯವಾಯಿತು. ಸೈಕಲ್‌ಗಳ ಗುಣಮಟ್ಟ ಕಳಪೆ ಎಂಬ ದೂರುಗಳು ಬಂದವು, ಟೆಂಡರಿನ ಬಗ್ಗೆ ವಾಗ್ವಾದಗಳು ನಡೆದವು. ಆದರೆ ಹದಿಮೂರು ವರ್ಷದ ಆ ಮಗು ಯಾವ ರಸ್ತೆಯಲ್ಲಿ, ಯಾವ ವಾಹನಗಳ ನಡುವೆ ಸೈಕಲ್ ತುಳಿಯಬೇಕು ಎಂಬ ಪ್ರಶ್ನೆ ಆ ಗದ್ದಲದಲ್ಲಿ ಕೇಳಿಸಲೇ ಇಲ್ಲ. ಒಂದು ಇಲಾಖೆ ಮಗುವಿನ ಕೈಗೆ ಸೈಕಲ್ ಕೊಟ್ಟಿತು. ಇನ್ನೊಂದು ಇಲಾಖೆ ಅದೇ ಮಗುವಿನ ಶಾಲೆಯ ಮುಂದಿನ ರಸ್ತೆಯನ್ನು ಅಗಲಗೊಳಿಸಿ ವಾಹನಗಳ ವೇಗವನ್ನು ಹೆಚ್ಚಿಸಿತು. ಕೋವಿಡ್ ಬಂದ 2020ರಲ್ಲಿ ಸೈಕಲ್ ವಿತರಣೆಯೂ ನಿಂತಿತು. ರಸ್ತೆ ಅಗಲೀಕರಣ ನಿಲ್ಲಲಿಲ್ಲ.

ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇಯನ್ನು 2023ರ ಮಾರ್ಚ್‌ನಲ್ಲಿ ಉದ್ಘಾಟಿಸಲಾಯಿತು. ಅದೇ ವರ್ಷ ಆಗಸ್ಟ್ 1ರಿಂದ ಅದರ ಮುಖ್ಯ ಪಥದಲ್ಲಿ ದ್ವಿಚಕ್ರ ವಾಹನ, ಆಟೋ, ಟ್ರ್ಯಾಕ್ಟರ್ ಹಾಗೂ ಎಂಜಿನ್ ಇಲ್ಲದ ವಾಹನಗಳನ್ನು ನಿಷೇಧಿಸಲಾಯಿತು. ಈ ನಿಷೇಧವನ್ನು ನಾವು ವಿರೋಧಿಸುತ್ತಿಲ್ಲ. ನೂರು ಕಿಲೋಮೀಟರ್ ವೇಗದ ಕಾರು ಮತ್ತು ಹದಿನೈದು ಕಿಲೋಮೀಟರ್ ವೇಗದ ಸೈಕಲ್ ಒಂದೇ ಪಥದಲ್ಲಿ ಇರಲೇಬಾರದು. ಆದರೆ ಹೊರಗೆ ಕಳುಹಿಸಿದವನಿಗೆ ಕೊಟ್ಟದ್ದೇನು? ಸರ್ವಿಸ್ ರಸ್ತೆ. ನಮ್ಮ ಹೆದ್ದಾರಿಗಳ ಸರ್ವಿಸ್ ರಸ್ತೆ ಎಂದರೇನೆಂಬುದನ್ನು ಪಟ್ಟಣದ ಓದುಗರಿಗೆ ವಿವರಿಸಬೇಕಾಗಿಲ್ಲ. ನಿಲ್ಲಿಸಿದ ಲಾರಿಗಳು, ಮುಚ್ಚಳವಿಲ್ಲದ ಚರಂಡಿ, ಎರಡೂ ದಿಕ್ಕಿನಿಂದ ನುಗ್ಗುವ ಬೈಕುಗಳು, ಮಳೆಗಾಲದಲ್ಲಿ ಮೊಣಕಾಲುದ್ದದ ನೀರು.

ಸೈಕಲ್ ಸವಾರರು ನಿಯಮ ಪಾಲಿಸುವುದಿಲ್ಲ, ವಿರುದ್ಧ ದಿಕ್ಕಿನಲ್ಲಿ ಬರುತ್ತಾರೆ ಎಂಬ ಆರೋಪವನ್ನು ನಾವು ಪದೇ ಪದೇ ಕೇಳುತ್ತೇವೆ. ಹೌದು, ಬರುತ್ತಾರೆ, ಮತ್ತು ಅದು ಅಪಾಯಕಾರಿ. ಆದರೆ ಏಕೆ ಬರುತ್ತಾರೆ? ರಸ್ತೆಯ ನಡುವೆ ಡಿವೈಡರ್ ಕಟ್ಟಿ, ಅದನ್ನು ದಾಟಲು ಎರಡು ಕಿಲೋಮೀಟರ್ ಆಚೆ ತಿರುವು ಕೊಟ್ಟರೆ ಕಾರಿನವನಿಗೆ ಅದು ಎರಡು ನಿಮಿಷದ ಮಾತು. ಬೆನ್ನ ಹಿಂದೆ ಗ್ಯಾಸ್ ಸಿಲಿಂಡರ್ ಕಟ್ಟಿಕೊಂಡವನಿಗೆ ಹೋಗಿ ಬರಲು ನಾಲ್ಕು ಕಿಲೋಮೀಟರ್ ತುಳಿತ. ಎಂಜಿನಿಯರು ತನ್ನ ನಕ್ಷೆಯಲ್ಲಿ ಮಾಡಿದ ತಪ್ಪನ್ನು ಸವಾರ ತನ್ನ ಜೀವದಿಂದ ತೀರಿಸುತ್ತಾನೆ. ಹೆದರಿ ಫುಟ್‌ಪಾತ್ ಹತ್ತಿದರೆ ಅಲ್ಲಿ ನಡೆಯುವ ವೃದ್ಧರು ಬೈಯುತ್ತಾರೆ, ಬೈಯುವುದು ನ್ಯಾಯವೇ. ಉಳಿದ ಎರಡಡಿ ಜಾಗಕ್ಕಾಗಿ ದುರ್ಬಲರಿಬ್ಬರು ಜಗಳವಾಡಬೇಕಾದ ಸ್ಥಿತಿಯನ್ನು ತಂದಿಟ್ಟವರು ಮಾತ್ರ ಕಾರಿನ ಗಾಜು ಏರಿಸಿಕೊಂಡು ಹೋಗುತ್ತಾರೆ.

ಕೆಲವು ಕಡೆ ಆಡಳಿತವು ಒಂದು ಹೆಜ್ಜೆ ಮುಂದೆ ಹೋಗಿ ಸೈಕಲನ್ನೇ ಅಪರಾಧಿಯನ್ನಾಗಿಸಿದ್ದೂ ಇದೆ. ಕೊಲ್ಕತ್ತಾ ಪೊಲೀಸರು 2008ರಲ್ಲಿ 38 ರಸ್ತೆಗಳಲ್ಲಿ ಸೈಕಲ್ ನಿಷೇಧಿಸಿದರು. 2013ರಲ್ಲಿ ಆ ಪಟ್ಟಿ 174 ರಸ್ತೆಗಳಿಗೆ ಏರಿತು. ಏಟು ಬಿದ್ದದ್ದು ಹಾಲು ಮಾರುವವರಿಗೆ, ಪತ್ರಿಕೆ ಹಂಚುವವರಿಗೆ, ಕೂಲಿಗೆ ಹೋಗುವವರಿಗೆ. ಪ್ರತಿಭಟನೆಯ ಬಳಿಕ ಪಟ್ಟಿಯನ್ನು ಕಡಿಮೆಗೊಳಿಸಿದರು. 2020ರಲ್ಲಿ ಲಾಕ್‌ಡೌನ್ ಸಡಿಲಗೊಂಡು ಬಸ್ಸುಗಳು ಸಾಲದೇ ಹೋದಾಗ ಅದೇ ಪೊಲೀಸರು ಹಲವು ರಸ್ತೆಗಳಲ್ಲಿ ನಿಷೇಧ ಸಡಿಲಿಸಿ ಸೈಕಲಿಗೆ ದಾರಿ ಬಿಟ್ಟರು!

ಅದೇ 2020ರಲ್ಲಿ ಬೆಂಗಳೂರಿನ ಹೊರ ವರ್ತುಲ ರಸ್ತೆಯಲ್ಲಿ ಸೈಕಲ್ ಪಥವೊಂದನ್ನು ಗುರುತಿಸಿ ಕಂಬಗಳನ್ನು ನೆಡಲಾಯಿತು. ಮೈಸೂರಿನಲ್ಲಿ 2017ರಲ್ಲಿಯೇ 'ಟ್ರಿಣ್ ಟ್ರಿಣ್' ಎಂಬ ಸಾರ್ವಜನಿಕ ಸೈಕಲ್ ಸೇವೆ ಆರಂಭವಾಗಿತ್ತು. ಇವು ಶ್ಲಾಘನೀಯ. ಆದರೆ ರಸ್ತೆಯ ಮೇಲೆ ಬಣ್ಣ ಬಳಿದ ಮಾತ್ರಕ್ಕೆ ರಕ್ಷಣೆ ದೊರೆಯುವುದಿಲ್ಲ. ಬಣ್ಣದ ಗೆರೆಯನ್ನು ಕಾರು ದಾಟುತ್ತದೆ, ಕಲ್ಲಿನ ಕಟ್ಟೆಯನ್ನು ದಾಟುವುದಿಲ್ಲ. ನಿಜವಾದ ಪ್ರಶ್ನೆ ವೇಗದ್ದು. ಗಂಟೆಗೆ ಮೂವತ್ತು ಕಿಲೋಮೀಟರ್ ವೇಗದ ವಾಹನ ಬಡಿದರೆ ಹೆಚ್ಚಿನವರು ಬದುಕುಳಿಯುತ್ತಾರೆ. ಅದಕ್ಕಿಂತ ಮೇಲಕ್ಕೆ ವೇಗ ಏರಿದಂತೆ ಸಾವಿನ ಸಂಭವ ಹಲವು ಪಟ್ಟು ಏರುತ್ತದೆ. 2020ರ ಸ್ಟಾಕ್‌ಹೋಮ್ ಘೋಷಣೆಯು ಪಾದಚಾರಿಗಳು ಮತ್ತು ಸೈಕಲಿಗರು ವಾಹನಗಳೊಂದಿಗೆ ಬೆರೆಯುವಲ್ಲಿ ಮೂವತ್ತನ್ನೇ ಮಿತಿಯಾಗಿಸಬೇಕೆಂದು ಹೇಳಿದ್ದು ಇದೇ ಕಾರಣಕ್ಕೆ. ನಮ್ಮ ಶಾಲೆ, ಮಾರುಕಟ್ಟೆ, ಬಸ್ ನಿಲ್ದಾಣಗಳ ಮುಂದೆ ಆ ಮಿತಿಯ ಫಲಕ ಎಲ್ಲಿದೆ? ಫಲಕವಿದ್ದಲ್ಲಿ ಅದನ್ನು ಪಾಲಿಸುವಂತೆ ಮಾಡುವವರು ಎಲ್ಲಿದ್ದಾರೆ?

ವ್ಯವಸ್ಥೆಯನ್ನು ಪ್ರಶ್ನಿಸುವ ನಾವು ನಮ್ಮ ಮನೆಯ ಅಂಗಳವನ್ನೂ ನೋಡಬೇಕಾಗಿದೆ. ನಮ್ಮ ಪೇಟೆಗಳಲ್ಲಿ ರಸ್ತೆಯ ಅಂಚನ್ನು ನುಂಗಿರುವುದು ಸರಕಾರವಲ್ಲ. ನಮ್ಮದೇ ಅಂಗಡಿಗಳ ಮುಂಚಾಚು ಮತ್ತು ನಾವೇ ಅಡ್ಡಾದಿಡ್ಡಿ ನಿಲ್ಲಿಸಿದ ವಾಹನಗಳು. ಗಲ್ಫ್‌ನಿಂದ ತಂದೆ ಕಳುಹಿಸಿದ ಹಣದಲ್ಲಿ ಹದಿನೈದರ ಹುಡುಗನಿಗೆ ಬೈಕ್ ಕೊಡಿಸುವುದು ನಮ್ಮಲ್ಲಿ ಪ್ರತಿಷ್ಠೆ. ಸೈಕಲಿನಲ್ಲಿ ಕಾಲೇಜಿಗೆ ಕಳುಹಿಸುವುದು ಅವಮಾನ! 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 199ಎ ಕಲಮಿನಂತೆ, ಅಪ್ರಾಪ್ತನು ವಾಹನ ಚಲಾಯಿಸಿ ಅಪರಾಧವೆಸಗಿದರೆ ಪೋಷಕರಿಗೆ ಅಥವಾ ವಾಹನದ ಮಾಲಕರಿಗೆ ಮೂರು ವರ್ಷಗಳವರೆಗೆ ಸೆರೆವಾಸ ಮತ್ತು ಇಪ್ಪತ್ತೈದು ಸಾವಿರ ರೂಪಾಯಿ ದಂಡವಿದೆ. ದಂಡದ ಮಾತು ಬಿಡಿ. ಆ ಹುಡುಗ ಬಡಿದು ಬೀಳಿಸುವುದು ಹೆಚ್ಚಾಗಿ ಬೀದಿಯಲ್ಲಿ ನಡೆಯುವ ಅಥವಾ ಸೈಕಲ್ ತುಳಿಯುವ ಇನ್ನೊಂದು ಬಡ ಮನೆಯ ಮಗುವನ್ನೇ. ಇನ್ನು ಎಂಟನೆಯ ತರಗತಿಯಲ್ಲಿ ಸೈಕಲ್ ತುಳಿದ ಮಗಳು ಪಿಯುಸಿಗೆ ಬರುವಾಗ ಅದನ್ನು ಮೂಲೆಗೆ ಸೇರಿಸುವ ಮನೆಗಳೂ ಕಡಿಮೆಯಿಲ್ಲ. ರಸ್ತೆ ಸರಿಯಿಲ್ಲ ಎಂಬುದು ಅಲ್ಲಿ ಹೇಳುವ ಕಾರಣ. ಹಾಗಿದ್ದರೆ ಮನೆಯೊಳಗೆ ನಿಲ್ಲಬೇಕಾದುದು ಮಗಳೋ, ಸರಿಯಾಗಬೇಕಾದುದು ರಸ್ತೆಯೋ?

ರಸ್ತೆ ಸರಿಯಾಗುವವರೆಗೆ ಹೆತ್ತವರು ಮಕ್ಕಳಿಗೆ ಹೇಳಲೇಬೇಕಾದ ಒಂದೆರಡು ಮಾತುಗಳಿವೆ. ಸಿಗ್ನಲಿನಲ್ಲಿ ಅಥವಾ ತಿರುವಿನಲ್ಲಿ ನಿಂತಿರುವ ಲಾರಿ-ಬಸ್ಸಿನ ಎಡ ಬದಿಗೆ ಎಂದೂ ನುಸುಳಬಾರದು. ಎಡಕ್ಕೆ ತಿರುಗುವ ಚಾಲಕನಿಗೆ ಅಲ್ಲಿರುವ ಸೈಕಲ್ ಕಾಣಿಸುವುದೇ ಇಲ್ಲ. ಮಗ್ರಿಬ್‌ನ ನಂತರ ಹಿಂಬದಿಯಲ್ಲಿ ಕೆಂಪು ದೀಪವೋ ಪ್ರತಿಫಲಕವೋ ಇಲ್ಲದೆ ಸೈಕಲ್ ಹೊರಗೆ ಹೋಗಬಾರದು. ಹಿಂದೆ ಪುರಸಭೆಗಳು ಸೈಕಲಿಗೆ ತೆರಿಗೆ ವಸೂಲು ಮಾಡಿ ಬಿಲ್ಲೆ ಕೊಡುತ್ತಿದ್ದವು; ದೀಪವಿಲ್ಲದಿದ್ದರೆ, ಇಬ್ಬರು ಕುಳಿತಿದ್ದರೆ ಪೊಲೀಸರು ತಡೆಯುತ್ತಿದ್ದರು. ಆ ಕಾಟವನ್ನು ನೆನೆದು ಹಿರಿಯರು ನಗುತ್ತಾರೆ. ಆದರೆ ರಸ್ತೆಯಲ್ಲಿ ಸೈಕಲ್ ಇದೆ ಎಂದು ಆಗಿನ ಪುರಸಭೆಗೆ ಕನಿಷ್ಠ ಗೊತ್ತಾದರೂ ಇತ್ತು.

'ನಾವೇನು ಹಾಲೆಂಡೇ?' ಎಂದು ಅಧಿಕಾರಿಗಳು ಕೇಳುವುದುಂಟು. ಹಾಲೆಂಡ್ ಕೂಡ ಹುಟ್ಟುವಾಗ ಹಾಲೆಂಡ್ ಆಗಿರಲಿಲ್ಲ. 1971ರಲ್ಲಿ ಆ ಪುಟ್ಟ ದೇಶದ ರಸ್ತೆಗಳಲ್ಲಿ ಸುಮಾರು 3,300 ಮಂದಿ ಸತ್ತರು, ಅವರಲ್ಲಿ ನಾನೂರಕ್ಕೂ ಹೆಚ್ಚು ಮಕ್ಕಳು. ಸೈಕಲಿನಲ್ಲಿ ಶಾಲೆಗೆ ಹೊರಟ ಮಗಳನ್ನು ಕಳಕೊಂಡ ಪತ್ರಕರ್ತ ವಿಕ್ ಲಾಂಗೆನ್‌ಹೋಫ್ ತನ್ನ ಪತ್ರಿಕೆಯಲ್ಲಿ ಬರೆದ ಲೇಖನದಿಂದ 'ಮಕ್ಕಳ ಕೊಲೆ ನಿಲ್ಲಿಸಿ' ಎಂಬ ಚಳವಳಿ ಹುಟ್ಟಿತು. ಹೆತ್ತವರು ಮಕ್ಕಳೊಂದಿಗೆ ರಸ್ತೆಗಿಳಿದರು. ಅವರು ಅಪಘಾತ ಎನ್ನಲಿಲ್ಲ, ಕೊಲೆ ಎಂದರು. 1973ರ ತೈಲ ಬಿಕ್ಕಟ್ಟೂ ಅವರ ವಾದಕ್ಕೆ ಬಲ ನೀಡಿತು. ಆ ದೇಶದ ಇಂದಿನ ಸೈಕಲ್ ಪಥಗಳ ಹಿಂದೆ ಆ ತಾಯಿ-ತಂದೆಯರ ಹಟವಿದೆ.

ನಮ್ಮಲ್ಲಿ ಕಾನೂನಿನ ಕೊರತೆಯಿದೆಯೇ? ಸೈಕಲ್ ಪಥ ಹೇಗಿರಬೇಕೆಂಬ ಮಾನದಂಡವನ್ನು ಇಂಡಿಯನ್ ರೋಡ್ಸ್ ಕಾಂಗ್ರೆಸ್ 1962ರಲ್ಲಿಯೇ ಪ್ರಕಟಿಸಿ 2015ರಲ್ಲಿ ಪರಿಷ್ಕರಿಸಿತು. ರಸ್ತೆಯ ಹಂಚಿಕೆಯಲ್ಲಿ ವಾಹನಗಳಿಗಲ್ಲ, ಜನರಿಗೆ ಆದ್ಯತೆ ಎಂದು 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿ ಹೇಳಿತು. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಫುಟ್‌ಪಾತನ್ನು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದಿತು. ಅದೇ ಅಕ್ಟೋಬರ್‌ನಲ್ಲಿ, ಪಾದಚಾರಿಗಳು ಮತ್ತು ಎಂಜಿನ್ ಇಲ್ಲದ ವಾಹನಗಳ ಕುರಿತು ಆರು ತಿಂಗಳೊಳಗೆ ನಿಯಮ ರೂಪಿಸಬೇಕೆಂದು ರಾಜ್ಯಗಳಿಗೆ ಸೂಚಿಸಿತು. ದೆಹಲಿಯ ಆದೇಶವು ನಮ್ಮ ಓಣಿಯ ತಿರುವಿನವರೆಗೆ ತಾನಾಗಿ ನಡೆದು ಬರುವುದಿಲ್ಲ.

ಆದ್ದರಿಂದ ನಿಮ್ಮೂರಿನ ಶಾಲೆಯ ಮುಂದಿನ ರಸ್ತೆ ಅಗಲೀಕರಣದ ನಕ್ಷೆ ಪುರಸಭೆಯ ಮೇಜಿಗೆ ಬಂದಾಗ, ಅದರಲ್ಲಿ ಸೈಕಲಿಗೆ ಎಷ್ಟು ಅಡಿ ಮೀಸಲಿದೆ, ಡಿವೈಡರಿನಲ್ಲಿ ದಾಟುವ ತೆರಪು ಎಲ್ಲಿದೆ, ವೇಗದ ಮಿತಿ ಎಷ್ಟು ಎಂದು ವಾರ್ಡಿನ ಸದಸ್ಯರನ್ನು ಕೇಳಿ. ಬಾಯಿಮಾತಿನ ಉತ್ತರವನ್ನು ಸ್ವೀಕರಿಸಬೇಡಿ. ಮಾಹಿತಿ ಹಕ್ಕಿನ ಅರ್ಜಿಗೆ ಶುಲ್ಕ ಹತ್ತು ರೂಪಾಯಿ. ಉತ್ತರಿಸಲು ಅಧಿಕಾರಿಗಿರುವ ಸಮಯ ಮೂವತ್ತು ದಿನ.