ಶಿಕ್ಷಕರ ಶಿಕ್ಷಕರಿಗೆ ಇದೆಂತಹ ಪರೀಕ್ಷೆ?

ಶಿಕ್ಷಣಶಾಸ್ತ್ರದ ಸ್ನಾತಕೋತ್ತರ ಪದವಿಯಾದ ಎಂ.ಎಡ್. ಪರೀಕ್ಷೆಯ ಹಳೆಯ ಪ್ರಶ್ನೆಪತ್ರಿಕೆಗಳನ್ನು ದೊರಕಿಸಿಕೊಂಡು ಒಮ್ಮೆ ಓದಿ ನೋಡಿರಿ. ‘ರಚನಾವಾದದ ತತ್ತ್ವಗಳನ್ನು ವಿವರಿಸಿರಿ’, ‘ರೂಪಣಾತ್ಮಕ ಮೌಲ್ಯಮಾಪನದ ಲಕ್ಷಣಗಳನ್ನು ಬರೆಯಿರಿ’, ‘ಬ್ಲೂಮ್ ಅವರ ವರ್ಗೀಕರಣವನ್ನು ಕುರಿತು ಟಿಪ್ಪಣಿ ಬರೆಯಿರಿ’ ಎಂಬಂತಹ ಪ್ರಶ್ನೆಗಳೇ ಅಲ್ಲಿ ಸಾಲುಗಟ್ಟಿ ನಿಂತಿರುತ್ತವೆ. ಕಂಠಪಾಠವು ಕಲಿಕೆಯಲ್ಲವೆಂಬ ಸಿದ್ಧಾಂತವನ್ನೇ ಕಂಠಪಾಠ ಮಾಡಿ, ಮೂರು ತಾಸಿನಲ್ಲಿ ಬರೆದು ಬಂದವನಿಗೆ ಪ್ರಥಮ ದರ್ಜೆ! ಇದಕ್ಕಿಂತ ಮಿಗಿಲಾದ ವಿಡಂಬನೆಯುಂಟೇ?

‘ಇದು ದೊಡ್ಡ ಪದವಿಗಳ ಮಾತು, ನಮಗೇಕೆ?’ ಎಂದು ಪುಟ ತಿರುವಬೇಡಿರಿ. ಎಂ.ಎಡ್. ಮುಗಿಸಿದವರು ನಾಳೆ ಬಿ.ಎಡ್. ಮತ್ತು ಡಿ.ಎಡ್. ಕಾಲೇಜುಗಳಲ್ಲಿ ಉಪನ್ಯಾಸಕರಾಗುವರು. ಅವರ ಕೈಯಲ್ಲಿ ಕಲಿತವರು ನಿಮ್ಮ ಊರಿನ ಶಾಲೆಗೆ ಶಿಕ್ಷಕರಾಗಿ ಬರುವರು. ಕೆರೆಯ ನೀರೇ ಕೆಟ್ಟರೆ ಕಾಲುವೆಯ ಕೊನೆಯ ಹೊಲಕ್ಕೆ ತಿಳಿನೀರು ಹರಿಯುವುದೆಂತು? 2009ರ ಶಿಕ್ಷಣ ಹಕ್ಕು ಕಾಯಿದೆಯು ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನವನ್ನು ವಿಧಿಸಿತು. ನಮ್ಮ ರಾಜ್ಯದ ಶಾಲೆಗಳಲ್ಲಿ ವರ್ಷಕ್ಕೆ ನಾಲ್ಕು ರೂಪಣಾತ್ಮಕ, ಎರಡು ಸಂಕಲನಾತ್ಮಕ ಮೌಲ್ಯಮಾಪನಗಳು ಬಂದವು. ಆಶಯವು ಘನವಾದುದೇ. ಆದರೆ ಎಷ್ಟೋ ಶಾಲೆಗಳಲ್ಲಿ ಅದು ವಹಿ ತುಂಬಿಸುವ ಕೆಲಸವಾಗಿ ಪರಿಣಮಿಸಿತು. ಶಿಕ್ಷಕರನ್ನು ಸೋಮಾರಿಗಳೆಂದು ದೂರುವುದು ಸುಲಭ. ತಾನು ಕಲಿಯುವಾಗ ಒಮ್ಮೆಯೂ ಅಂತಹ ಮೌಲ್ಯಮಾಪನದ ರುಚಿಯನ್ನು ಕಾಣದವನು ಅದನ್ನು ಮಕ್ಕಳಿಗೆ ಬಡಿಸುವುದಾದರೂ ಎಲ್ಲಿಂದ? ಅವನಿಗೆ ಪಾಠ ಹೇಳಿದ ಗುರುವೂ ಅದನ್ನು ಕಂಡವನಲ್ಲ.

ಸಿದ್ಧಾಂತಗಳು ಹೇಳುವುದೇನೆಂಬುದನ್ನು ಸ್ವಲ್ಪ ವಿಚಾರಿಸೋಣ. ತಿಳಿವಳಿಕೆಯನ್ನು ಮಗುವಿನ ತಲೆಯೊಳಗೆ ಸುರಿಯಲು ಬಾರದು, ಮಗುವೇ ಅದನ್ನು ಕಟ್ಟಿಕೊಳ್ಳಬೇಕು ಎಂದು ಪಿಯಾಜೆ ತೋರಿಸಿದರು. ಇಂದು ಇನ್ನೊಬ್ಬರ ನೆರವಿನಿಂದ ಮಾಡಿದುದನ್ನು ನಾಳೆ ತಾನೇ ಮಾಡಬಲ್ಲನು, ಬೋಧನೆಯ ಕ್ಷೇತ್ರವೇ ಈ ನಡುವಣ ಅವಕಾಶ ಎಂಬುದು 1934ರಲ್ಲಿ ತೀರಿಹೋದ ರಷ್ಯದ ವೈಗಾಟ್‌ಸ್ಕಿಯವರ ವಿಚಾರ. 1991ರಲ್ಲಿ ಲೇವ್ ಮತ್ತು ವೆಂಗರ್ ಎಂಬಿಬ್ಬರು ದರ್ಜಿಗಳ, ಸೂಲಗಿತ್ತಿಯರ ಬಳಿ ಕೆಲಸ ಕಲಿಯುವವರನ್ನು ಕುರಿತು ಬರೆದು, ಕಲಿಕೆಯೆಂಬುದು ಕಸುಬಿನವರ ನಡುವೆ ಪಾಲ್ಗೊಳ್ಳುತ್ತ ಬೆಳೆಯುವ ಕ್ರಿಯೆಯೆಂದರು. ತಿದಿ ಒತ್ತುತ್ತ ಒತ್ತುತ್ತ ಸುತ್ತಿಗೆ ಹಿಡಿಯಲು ಕಲಿತ ಕಮ್ಮಾರನ ಮಗನಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ!

ಮೌಲ್ಯಮಾಪನದ ಕಥೆಯೂ ಇಂತೆಯೇ. ಕೊನೆಯಲ್ಲಿ ಮಾಡುವ ಸಂಕಲನಾತ್ಮಕ ಮೌಲ್ಯಮಾಪನ ಬೇರೆ, ನಡುವೆ ತಿದ್ದುವ ರೂಪಣಾತ್ಮಕ ಮೌಲ್ಯಮಾಪನ ಬೇರೆ ಎಂಬ ಭೇದವನ್ನು 1967ರಲ್ಲಿ ಮೈಕೆಲ್ ಸ್ಕ್ರಿವೆನ್ ಮಾಡಿದರು. ಬ್ಲೂಮ್ ಅದನ್ನು ವಿದ್ಯಾರ್ಥಿಗಳ ಕಲಿಕೆಗೆ ಅನ್ವಯಿಸಿದರು. 1988ರಲ್ಲಿ ರೂತ್ ಬಟ್ಲರ್ ಇಸ್ರೇಲಿನ ಶಾಲಾಮಕ್ಕಳಲ್ಲಿ ಒಂದು ಪ್ರಯೋಗ ನಡೆಸಿದರು. ಕೆಲವರಿಗೆ ಅಂಕ ಮಾತ್ರ, ಕೆಲವರಿಗೆ ಲಿಖಿತ ಸಲಹೆ ಮಾತ್ರ, ಇನ್ನುಳಿದವರಿಗೆ ಅಂಕವೂ ಸಲಹೆಯೂ ದೊರೆತವು. ಮುಂದುವರಿದವರು ಸಲಹೆ ಮಾತ್ರ ಪಡೆದವರು. ಅಂಕವೂ ಜೊತೆಗಿದ್ದಾಗ ಸಲಹೆಯು ನಿಷ್ಫಲವಾಯಿತು. ಮಕ್ಕಳ ಕಣ್ಣು ಅಂಕದ ಮೇಲೆಯೇ ನೆಟ್ಟಿತೆಂದು ತೋರುತ್ತದೆ.

ಇದರಿಂದ ಜ್ಞಾಪಕಶಕ್ತಿಯೇ ಬೇಡವೆಂದು ಯಾರೂ ಭಾವಿಸಕೂಡದು. ಮಗ್ಗಿ ಬಾರದವನಿಗೆ ಲೆಕ್ಕ ಬರಲಾರದು. ಪಾಠವನ್ನು ಮತ್ತೆ ಮತ್ತೆ ಓದಿದವರಿಗಿಂತ, ಪುಸ್ತಕ ಮುಚ್ಚಿ ನೆನಪಿಸಿಕೊಂಡು ಬರೆದವರೇ ವಾರದ ಬಳಿಕ ಹೆಚ್ಚು ನೆನಪಿಟ್ಟುಕೊಂಡಿದ್ದರೆಂದು 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಕಂಡರು. ಪರೀಕ್ಷೆಯು ಕಲಿಕೆಯ ವೈರಿಯಲ್ಲ. ಉತ್ತರವನ್ನು ಬರೆಸಿ, ಕಟ್ಟಿ, ಎಲ್ಲಿಗೋ ಸಾಗಿಸಿ, ತಿಂಗಳುಗಳ ಮೇಲೆ ಒಂದು ಅಂಕವನ್ನಷ್ಟೇ ಮರಳಿಸುವ ಪದ್ಧತಿಯು ವೈರಿ.

ಈಗ ಒಂದು ಉದಾಹರಣೆಯನ್ನು ಲಕ್ಷ್ಯವಿಟ್ಟು ನೋಡಿರಿ. ಒಂದು ಮಗುವು 304ರಿಂದ 187ನ್ನು ಕಳೆದು 283 ಎಂದು ಬರೆಯುತ್ತದೆ. ಸರಿಯುತ್ತರ 117. ಮಾಸ್ತರರು ಕೆಂಪು ಶಾಯಿಯಲ್ಲಿ ತಪ್ಪು ಗೀಟೆಳೆದು ಮುಂದೆ ಸಾಗುವರು. ಆದರೆ ಮಗು ಮಾಡಿದ್ದೇನು? ಪ್ರತಿಯೊಂದು ಸ್ಥಾನದಲ್ಲಿಯೂ ದೊಡ್ಡ ಅಂಕಿಯಿಂದ ಚಿಕ್ಕದನ್ನು ಕಳೆದಿದೆ: 7ರಿಂದ 4, 8ರಿಂದ 0, 3ರಿಂದ 1. ಅದು ಅಜಾಗರೂಕತೆಯಲ್ಲ, ತಾನೇ ಕಟ್ಟಿಕೊಂಡ ಒಂದು ನಿಯಮವನ್ನು ಅದು ನಿಷ್ಠೆಯಿಂದ ಪಾಲಿಸಿದೆ. ಇಂತಹ ದೋಷಗಳನ್ನು 1978ರಲ್ಲಿಯೇ ಬ್ರೌನ್ ಮತ್ತು ಬರ್ಟನ್ ವಿಶ್ಲೇಷಿಸಿದ್ದರು. ಎಂ.ಎಡ್. ವಿದ್ಯಾರ್ಥಿಯ ಮುಂದೆ ಈ ಉತ್ತರವನ್ನಿಟ್ಟು, ‘ಈ ಮಗುವಿಗೆ ಏನು ಗೊತ್ತಿದೆ? ಏನು ಗೊತ್ತಿಲ್ಲ? ನಾಳೆ ಮುಂಜಾನೆ ನೀವು ಅದಕ್ಕೆ ಯಾವ ಪ್ರಶ್ನೆ ಕೇಳುವಿರಿ?’ ಎಂದು ಕೇಳಿದರೆ ಪಿಯಾಜೆ, ವೈಗಾಟ್‌ಸ್ಕಿ ಎಲ್ಲರೂ ಅಲ್ಲಿ ಬಂದು ನಿಲ್ಲುತ್ತಾರೆ. ವೈಗಾಟ್‌ಸ್ಕಿಯ ಸಿದ್ಧಾಂತವನ್ನು ವಿವರಿಸಿರೆಂದರೆ ಗೈಡು ಬಂದು ನಿಲ್ಲುತ್ತದೆ. ಈಗಂತೂ ಗೈಡೂ ಬೇಡ. ಕೃತಕ ಬುದ್ಧಿಮತ್ತೆಯ ಯಂತ್ರವು ಆ ವಿವರಣೆಯನ್ನು ಕ್ಷಣಾರ್ಧದಲ್ಲಿ ಬರೆದುಕೊಡುತ್ತದೆ. ಮನೆಯಲ್ಲಿ ಬರೆದು ತರುವ ಎಷ್ಟು ಲೇಖನಗಳು ವಿದ್ಯಾರ್ಥಿಯ ಸ್ವಂತದವೆಂಬುದನ್ನು ಪ್ರಾಧ್ಯಾಪಕರೇ ಹೇಳಲಿ.

ಇವೆಲ್ಲ ಹೊಸ ದೂರುಗಳಲ್ಲ. ವಿಶ್ವವಿದ್ಯಾಲಯಗಳಲ್ಲಿ ಒಂದೇ ಒಂದು ಸುಧಾರಣೆಯನ್ನು ಸೂಚಿಸಬೇಕಾದರೆ ಅದು ಪರೀಕ್ಷೆಯದೇ ಆಗಿರಬೇಕೆಂದು 1948–49ರ ರಾಧಾಕೃಷ್ಣನ್ ಆಯೋಗವು ಸಾರಿತ್ತು. 1957–58ರಲ್ಲಿ ಸ್ವತಃ ಬ್ಲೂಮ್ ಅವರೇ ಭಾರತಕ್ಕೆ ಬಂದು ಕಾರ್ಯಾಗಾರಗಳನ್ನು ನಡೆಸಿದರು. 1973ರಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗವು ಪರೀಕ್ಷಾ ಸುಧಾರಣೆಯ ಕಾರ್ಯಯೋಜನೆಯನ್ನು ಹೊರಡಿಸಿತು. 2019ರಲ್ಲಿ ಮತ್ತೊಂದನ್ನು ಹೊರಡಿಸಿತು. 2015ರಿಂದ ಎಂ.ಎಡ್. ಎರಡು ವರ್ಷದ್ದಾಯಿತು. ಪತ್ರಿಕೆಗಳು ಹೆಚ್ಚಿದವು, ಸೆಮಿಸ್ಟರುಗಳು ಬಂದವು, ಪ್ರಶ್ನೆಗಳು ಮಾತ್ರ ಇದ್ದಲ್ಲಿಯೇ ಇವೆ.

ಪ್ರತಿಪಕ್ಷದವರ ಒಂದು ಮಾತನ್ನು ಮಾತ್ರ ನಾವು ತಳ್ಳಿಹಾಕಲಾಗದು. ಹಳ್ಳಿಯಿಂದ ಬಂದ, ಹೇಳಿಕೊಳ್ಳಲು ಯಾರೂ ಇಲ್ಲದ ವಿದ್ಯಾರ್ಥಿಗೆ ಹೆಸರು ಮರೆಮಾಡಿದ ಉತ್ತರಪತ್ರಿಕೆಯೇ ರಕ್ಷೆ. ತಿದ್ದುವವನಿಗೆ ಅವನ ಜಾತಿ ತಿಳಿಯದು, ಊರು ತಿಳಿಯದು, ಮುಖ ತಿಳಿಯದು. ಮೌಲ್ಯಮಾಪನವನ್ನೆಲ್ಲ ವಿಭಾಗದ ಅಧ್ಯಾಪಕರ ಕೈಗಿತ್ತರೆ ಪಕ್ಷಪಾತಕ್ಕೆ ಬಾಗಿಲು ತೆರೆದಂತಾಗದೇ? ಆಗುವುದು, ನಿಶ್ಚಯ. ಇಂದಿನ ಆಂತರಿಕ ಅಂಕಗಳನ್ನೇ ನೋಡಿರಿ: ಬೇಕಾದವರಿಗೆ ಒಂದು ತೂಕ, ಬೇಡವಾದವರಿಗೆ ಇನ್ನೊಂದು ಎಂಬ ಗುಸುಗುಸು ಯಾವ ಕಾಲೇಜಿನಲ್ಲಿಲ್ಲ? ಅಥವಾ, ತಂಟೆಯೇ ಬೇಡವೆಂದು ಎಲ್ಲರಿಗೂ 30ಕ್ಕೆ 28!

ಹಾಗೆಂದು ಮುಚ್ಚಿದ ಲಕೋಟೆಯೊಂದೇ ನ್ಯಾಯವೆಂದು ಒಪ್ಪಬೇಕೇ? ಪಕ್ಷಪಾತವು ಬೆಳೆಯುವುದು ಕತ್ತಲಲ್ಲಿ. ವಿದ್ಯಾರ್ಥಿಯು ತಿದ್ದಿದ ತನ್ನ ಉತ್ತರಪತ್ರಿಕೆಯನ್ನು ಮಾಹಿತಿ ಹಕ್ಕಿನಡಿಯಲ್ಲಿ ನೋಡಬಹುದೆಂದು ಸರ್ವೋಚ್ಚ ನ್ಯಾಯಾಲಯವು 2011ರಲ್ಲಿಯೇ ತೀರ್ಪಿತ್ತಿದೆ. ಆದರೆ ಅರ್ಜಿ ಹಾಕಿ, ಶುಲ್ಕ ಕಟ್ಟಿ ಪಡೆದ ಆ ಪತ್ರಿಕೆಯಲ್ಲಿ ಅವನಿಗೆ ಕಾಣುವುದೇನು? ಅಂಚಿನಲ್ಲಿ ಒಂದು ಅಂಕಿ. ಏಕೆ ಕಡಿಮೆಯಾಯಿತು, ಎಲ್ಲಿ ತಿದ್ದಿಕೊಳ್ಳಬೇಕು ಎಂಬ ಒಂದು ಸಾಲಾದರೂ ಇಲ್ಲ. ಕಾರಣವನ್ನು ಬರೆದು ಸಹಿ ಹಾಕಬೇಕಾದ ಪರೀಕ್ಷಕನು ಅನ್ಯಾಯ ಮಾಡಲು ಹತ್ತು ಸಲ ಯೋಚಿಸುವನು. ರೂಪಣಾತ್ಮಕ ಮೌಲ್ಯಮಾಪನವು ಬಡ ವಿದ್ಯಾರ್ಥಿಯ ಶತ್ರುವೆಂದು ಅಂಜುವವರು ಇದನ್ನು ಗಮನಿಸಬೇಕು.

ಆದುದರಿಂದ ವಿಶ್ವವಿದ್ಯಾಲಯಗಳ ಅಧ್ಯಯನ ಮಂಡಳಿಗಳನ್ನು ನಾವು ಕೇಳುವುದು ಬೆಟ್ಟದಷ್ಟಿಲ್ಲ. ಹೆಸರು ಮರೆಮಾಡಿದ ಅಂತಿಮ ಪರೀಕ್ಷೆಯು ಇರಲಿ. ಆಂತರಿಕ ಅಂಕ ಕೊಡುವ ಪ್ರತಿಯೊಂದು ಬರವಣಿಗೆಯೂ ಲಿಖಿತ ಅಭಿಪ್ರಾಯದೊಡನೆ ಎರಡು ವಾರದೊಳಗೆ ವಿದ್ಯಾರ್ಥಿಯ ಕೈಗೆ ಮರಳಲಿ, ಅವನು ತಿದ್ದಿ ಬರೆದ ಮೇಲೆಯೇ ಅಂಕ ಬೀಳಲಿ. ಆ ಬರವಣಿಗೆಗಳಲ್ಲಿ ಕೆಲವನ್ನಾದರೂ ಬೇರೊಂದು ಕಾಲೇಜಿನವರು ಮರುನೋಡಲಿ. ಅಧ್ಯಾಪಕರಿಗೆ ಸಮಯವಿಲ್ಲವೆಂಬ ಉತ್ತರವು ಬರುವುದೆಂದು ಬಲ್ಲೆವು. ಅತಿಥಿ ಉಪನ್ಯಾಸಕರ ಹೆಗಲ ಮೇಲೆ ವಿಭಾಗಗಳನ್ನು ನಡೆಸುತ್ತಿರುವ ಸರ್ಕಾರಕ್ಕೆ ಆ ಉತ್ತರವನ್ನು ಅವರೇ ಕಳುಹಿಸಲಿ. ನಾವೂ ಅದಕ್ಕೆ ಸಹಿ ಹಾಕುವೆವು. ಆದರೆ ಪ್ರಶ್ನೆಪತ್ರಿಕೆಯನ್ನು ಬದಲಿಸಲು ಹೊಸ ಹುದ್ದೆಯೂ ಬೇಡ, ಅನುದಾನವೂ ಬೇಡ. ಬರುವ ಸೆಮಿಸ್ಟರಿನಲ್ಲಿಯೇ ಆ 283ನ್ನು ಮೊದಲನೆಯ ಪ್ರಶ್ನೆಯಾಗಿ ಇರಿಸಿರಿ. ಬೇಕಾದರೆ ವಿದ್ಯಾರ್ಥಿಗಳು ಪುಸ್ತಕವನ್ನು ತೆರೆದಿಟ್ಟುಕೊಂಡೇ ಬರೆಯಲಿ.